ಯಾರೂ ಓಗೊಡದಿದ್ರೆ ಒಳ್ಳೇದಂತೆ

ಇವತ್ತು ಗಂಡಸಿ ಊರಿನ ತೆಂಗಿನಕಾಯಿ ಮಂಡಿಯಲ್ಲಿ ನನಗೂ ಮಾಲೀಕ ರುದ್ರಪ್ಪನವರಿಗೂ ಸರಿಯಾಗಿ ಜಟಾಪಟಿ ಆಯ್ತು ಕಣ್ರಪ್ಪಾ. ಅವರ ಬಿಲ್ಲಿಂಗ್ ಪ್ರೋಗ್ರಾಂ ಬರೆದವಳು ನಾನೇ. ಪರದೆ ಮೇಲೆ ‘ನೆಟ್ ಇಲ್ಲ’ ಅಂತ ಕೆಂಪಗೆ ಬರ್ತಿತ್ತು.

“ವೈಫೈ ಗುರುತು ಪೂರ್ತಿ ಐತಲ್ಲಮ್ಮ, ನಿನ್ ಪ್ರೋಗ್ರಾಂ ಸುಳ್ಳು ಹೇಳ್ತೈತೆ” ಅಂದ್ರು.

“ಆ ಗುರುತು ಗೋಡೆ ಮೇಲಿರೋ ಡಬ್ಬಿವರೆಗೆ ಮಾತ್ರ ಸಾರ್. ಆಚೆ ಲೈನ್ ಸತ್ತಿದ್ರೂ ಅದು ತೋರಿಸ್ತಾನೇ ಇರುತ್ತೆ. ಅದಕ್ಕೇ ಪ್ರೋಗ್ರಾಂ ದೂರದ ಸರ್ವರನ್ನ ಒಂದ್ಸಲ ಕೂಗುತ್ತೆ. ಓಗೊಟ್ರೆ ನೆಟ್ ಇದೆ, ಇಲ್ಲಾಂದ್ರೆ ಇಲ್ಲ.”

ರುದ್ರಪ್ಪನವರು ನಕ್ಕುಬಿಟ್ರು. “ನಾವು ಕಾಯಿ ಕೆಡವೋಕೆ ಮುಂಚೆ ಮರದ ಮೇಲಿಂದ ‘ಯಾರ್ಲಾ ಕೆಳಗೆ’ ಅಂತ ಕೂಗ್ತೀವಿ. ಯಾರೂ ಓಗೊಡದಿದ್ರೆ ಒಳ್ಳೇದು, ಗೊನೆ ಕಡೀತೀವಿ. ನಿಂದೇನಮ್ಮ ಉಲ್ಟಾ?”

ನನಗೆ ರೇಗಿಹೋಯ್ತು. “ನಾನು ಕಾಯಿ ಕೆಡವ್ತಿಲ್ಲ ಸಾರ್, ಯಾರಾದ್ರೂ ಇದ್ದಾರಾ ಅಂತ ಕೇಳ್ತಿದೀನಿ!” ಅಂತ ಕಿರುಚಿದೆ. ಮಂಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. ಆಮೇಲೆ ಮತ್ತೆ ಕಾಯಿ ಎಣಿಸೋಕೆ ಹೋದ್ರು.

ಕೊನೆಗೆ ನೋಡಿದ್ರೆ ಒಣಗಿದ ಗರಿ ಬಿದ್ದು ರಸ್ತೆಯಾಚೆ ಕೇಬಲ್ ಕಿತ್ತುಹೋಗಿತ್ತು. ಗೆದ್ದವಳು ನಾನೇ.

ಈಗ ಅರಸೀಕೆರೆಯ ಬಾಡಿಗೆ ರೂಮಲ್ಲಿ ಕೂತಿದೀನಿ. ಈ ಗೆಲುವನ್ನ ಹೇಳ್ಕೊಳ್ಳೋಣ ಅಂತ ಫೋನ್ ತೆಗೆದ್ರೆ, ಬೆಳಗ್ಗೆಯಿಂದ ಒಬ್ಬರ ಮೆಸೇಜೂ ಇಲ್ಲ. ನೆಟ್ಟೇ ಹೋಗಿರಬೇಕು ಅನ್ನೋ ಆಸೆಯಲ್ಲಿ ಫೋನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ನನ್ನದೇ ಪ್ರೋಗ್ರಾಂ ಕೈಲಿ ಒಂದ್ಸಲ ಕೂಗಿಸಿದೆ.

ಸರ್ವರ್ ತಕ್ಷಣ ಓಗೊಟ್ಟಿತು, ದರಿದ್ರದ್ದು.