ಮೈಸೂರಿನಲ್ಲಿ ಅಜ್ಜ ಕಿತ್ತ ಗಿಡ

ಹೋದ ತಿಂಗಳು ಮಗಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಗೇಟು ದಾಟಿ ಆನೆಗಳ ಕಡೆ ತಿರುಗಿದ ಕೂಡಲೇ ಹಸಿ ಹುಲ್ಲು, ಲದ್ದಿ, ಬಿಸಿಲಿಗೆ ಕಾದ ಮಣ್ಣು, ಯಾರೋ ಸುಲಿಯುತ್ತಿದ್ದ ಕಿತ್ತಳೆ, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಪೆದ್ದಿಯ ಹಾಗೆ ಅಲ್ಲೇ ನಿಂತು ಅದನ್ನು ಮತ್ತೆ ಮತ್ತೆ ಎಳೆದುಕೊಂಡೆ. ಆ ವಾಸನೆಯ ಹಿಂದೆ ನನ್ನ ಅಜ್ಜ ಇದ್ದರು. ಬಿಳಿ ಪಂಚೆ, ಮೊಣಕೈ ಸವೆದ ಖಾಕಿ ಕೋಟು, ಏಪ್ರಿಲ್ ಬಿಸಿಲಿನಲ್ಲೂ ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್. ಅದು ತೊಂಬತ್ತರ ದಶಕದ ಯಾವುದೋ ಬೇಸಿಗೆ ರಜೆ, ನನಗೆ ಒಂಬತ್ತೋ ಹತ್ತೋ. ಅಜ್ಜ, ಅಜ್ಜಿ, ನಾನು ಮೈಸೂರು ನೋಡಲು ಹೋಗಿದ್ದೆವು. ಅರಮನೆ ಮೊದಲು ನೋಡಿದೆವೋ ಮೃಗಾಲಯ ಮೊದಲು ನೋಡಿದೆವೋ ಅಂದರೆ ನನಗೆ ಹೇಳಲು ಬರುವುದಿಲ್ಲ. ಕೇಳೋಣವೆಂದರೆ ಅವರಿಬ್ಬರೂ ಇಲ್ಲ. ಮೂಡಿಗೆರೆ ಕಡೆ, ಗೋಣಿಬೀಡಿನ ಆಚೆ, ನಮ್ಮ ಮನೆ, ಕಾಫಿ ತೋಟ ಇದ್ದ ಜಾಗದಲ್ಲಿ ಈಗ ಹೋಂಸ್ಟೇ ಇದೆ, ಅದರ ಮಾಲೀಕರಿಗೆ ನಾವು ಯಾರೆಂದೇ ಗೊತ್ತಿಲ್ಲ. ನೀವೂ ಚಿಕ್ಕವರಿದ್ದಾಗ ಅಜ್ಜನ ಕೈ ಹಿಡಿದು ಊರು ನೋಡಲು ಹೋಗಿದ್ದರೆ ಈ ಗೊಂದಲ ನಿಮಗೆ ಹೊಸದಲ್ಲ. ನೋಡಿದ ಊರು ಕಲಸಿಹೋಗಿರುತ್ತದೆ, ಹಿಡಿದ ಕೈ ಮಾತ್ರ ನೆನಪಿರುತ್ತದೆ.

ನಮ್ಮ ಕಡೆ ಅವರಿಗೆ ಬೋರರ್ ಅಜ್ಜ ಎಂದೇ ಹೆಸರು. ಬೋರರ್ ಎಂದರೆ ಕಾಫಿ ಗಿಡದ ಕಾಂಡ ಕೊರೆದು ಒಳಗೇ ಬೆಳೆಯುವ ಬಿಳಿ ಹುಳ. ಹೊರಗಿನಿಂದ ನೋಡಿದರೆ ಎಲೆ ಸ್ವಲ್ಪ ಹಳದಿ, ತೊಗಟೆಯ ಮೇಲೆ ನರ ಉಬ್ಬಿದಂತೆ ಒಂದು ಏಣು, ಅಷ್ಟೇ. ಅದು ದುಂಬಿಯಾಗಿ ಹಾರಿ ಪಕ್ಕದ ಗಿಡಕ್ಕೆ ಮೊಟ್ಟೆಯಿಡುವ ಮೊದಲೇ ಗಿಡವನ್ನು ಬುಡಸಹಿತ ಕಿತ್ತು ಸುಡಬೇಕು. ಅಜ್ಜ ಸಾಲಿನಲ್ಲಿ ನಡೆಯುತ್ತ ಕಾಂಡದ ಮೇಲೆ ಅಂಗೈ ಆಡಿಸಿ "ಇದು" ಅಂದರೆ ಮುಗಿಯಿತು, ಸೀಳಿದರೆ ಒಳಗೆ ಹುಳ ಇದ್ದೇ ಇರುತ್ತಿತ್ತು. ಬಣಕಲ್ ಕಡೆಯ ತೋಟದವರು ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಪರರ ತೋಟವಾದರೂ ಸರಿ, ಬೋರರ್ ಗಿಡ ಕಂಡರೆ ಹೇಳದೆ ಕೇಳದೆ ಕೀಳಬಹುದು ಎಂಬುದು ಅವರದೇ ಕಾನೂನು. "ಬೆಂಕಿ ಬಿದ್ದ ಮನೆ ಆರ್ಸೋಕೆ ಯಜಮಾನನ್ನ ಕೇಳ್ತಾರೇನೋ ಮಾರಾಯ" ಎನ್ನುತ್ತಿದ್ದರು. ಒಮ್ಮೆ ಮದುವೆಗೆ ಹೋದವರು ಪಂಕ್ತಿಗೆ ಕೂರುವ ಮೊದಲು ಬೀಗರ ಹಿತ್ತಲಿನ ನಾಲ್ಕಾರು ಗಿಡ ಕಿತ್ತು, ರೇಷ್ಮೆ ಪಂಚೆಯೆಲ್ಲ ಮಣ್ಣು ಮಾಡಿಕೊಂಡು ಬಂದು ಎಲೆಯ ಮುಂದೆ ಕೂತಿದ್ದರಂತೆ. ಅಜ್ಜಿ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅದರಲ್ಲಿ ನಗುವಂಥದ್ದೇನಿದೆ ಎಂದು ಅಜ್ಜನಿಗೆ ತಿಳಿಯುತ್ತಿರಲಿಲ್ಲ.

ಆ ವರ್ಷ ಅದೇನಾಯಿತೋ. ಅಜ್ಜ ತೋರಿಸಿದ ಗಿಡಗಳನ್ನು ಕಿತ್ತು ಸೀಳಿದರೆ ಒಳಗೆ ಹುಳವೇ ಇಲ್ಲ. ತೋಟದ ಆಳುಗಳ ಮೇಸ್ತ್ರಿ ಕೆಲವು ದಿನ ಸುಮ್ಮನಿದ್ದು, ಆಮೇಲೆ ಹೆದರುತ್ತಲೇ ಅಪ್ಪನಿಗೆ ಹೇಳಿದ. ಅಪ್ಪ ಸುಡಲು ಹಾಕಿದ್ದ ರಾಶಿಯ ಮುಂದೆ ಕೂತು ತಾವೇ ಸೀಳಿ ನೋಡಿದರು. ಎಲ್ಲ ಫಸಲು ಕೊಡುತ್ತಿದ್ದ ಗಟ್ಟಿ ಗಿಡಗಳು. ಅಜ್ಜನೇ ನೆಟ್ಟು ಬೆಳೆಸಿದ ತೋಟವನ್ನು ಈಗ ಅಜ್ಜನ ಕೈಗೇ ಸಿಗದಂತೆ ಕಾಪಾಡಬೇಕಾಗಿ ಬಂದಿತ್ತು. ಇದನ್ನೆಲ್ಲ ಅಪ್ಪ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ನನಗೆ ಕಂಡಿದ್ದು ಅಡುಗೆಮನೆಯಲ್ಲಿ ಅಪ್ಪ ತಲೆ ತಗ್ಗಿಸಿ ನಿಂತದ್ದು. "ತೋಟಕ್ಕೆ ಬರ್ಬೇಡಿ ಅಂತ ಅಪ್ಪಯ್ಯಂಗೆ ಹೆಂಗ್ ಹೇಳ್ಲಿ ಅವ್ವ, ನಂಗೆ ಬಾಯಿ ಬರಲ್ಲ" ಎನ್ನುತ್ತಿದ್ದರು. ಅಜ್ಜಿ ಅಕ್ಕಿರೊಟ್ಟಿ ತಟ್ಟುವ ಕೈ ನಿಲ್ಲಿಸದೆ, "ನೀ ಏನೂ ಹೇಳ್ಬೇಡ. ಬೋರರ್ ಕೆಲ್ಸ ಮುಗಿಯೋ ತನ್ಕ ನಾನು ಮೈಸೂರಿಗೆ ಕರ್ಕಂಡ್ ಹೋಗ್ತೀನಿ. ಪುಟ್ಟಿಗೆ ಊರು ತೋರಿಸ್ದಂಗೂ ಆಯ್ತು" ಅಂದರು. ನನ್ನ ಕಿವಿಗೆ ಬಿದ್ದದ್ದು ಮೈಸೂರು ಒಂದೇ. ಆಮೇಲೆ ಅಜ್ಜಿ ಅಜ್ಜನಿಗೆ, ಮೊಮ್ಮಗಳು ನೀವಿಲ್ಲದೆ ಹುಲಿ ನೋಡಲು ಹೋಗುವುದಿಲ್ಲವಂತೆ ಎಂದರು. ನನ್ನನ್ನು ಬೇರೆ ಕರೆದು, "ಅಜ್ಜನ ಕೈ ಬಿಡ್ಬೇಡ, ಆಯ್ತಾ" ಎಂದರು. ಹೀಗೆ ಅಜ್ಜ ನನ್ನನ್ನು ನೋಡಿಕೊಳ್ಳಲು ಹೊರಟರು, ನಾನು ಅಜ್ಜನನ್ನು ನೋಡಿಕೊಳ್ಳಲು ಹೊರಟೆ.

ಮೂಡಿಗೆರೆಯಲ್ಲಿ ಬಸ್ಸು ಹತ್ತಿ, ಹಾಸನದಲ್ಲಿ ಇನ್ನೊಂದು ಹಿಡಿದು ಮೈಸೂರು ಮುಟ್ಟಿದೆವು. ಇಳಿದುಕೊಂಡದ್ದು ಚಿಕ್ಕತ್ತೆಯ ಮನೆಯಲ್ಲಿ. ಅರಮನೆಯಲ್ಲಿ ಜನರೆಲ್ಲ ಕತ್ತೆತ್ತಿ ಚಿತ್ರದ ಛಾವಣಿ ನೋಡುತ್ತಿದ್ದರೆ ಅಜ್ಜ ಬಾಗಿಲಿನ ಮರದ ಮೇಲೆ ಅಂಗೈ ಆಡಿಸಿ, ಮೂಸಿ, "ಬೀಟೆ ಅಲ್ಲ, ಸಾಗುವಾನಿ" ಎಂದು ನನಗೆ ಹೇಳಿದರು. ಮೃಗಾಲಯದಲ್ಲಿ ಅವರಿಗೆ ತುಂಬ ಹಿಡಿಸಿದ್ದು ಜಿರಾಫೆ. ಅದು ಕತ್ತು ಚಾಚಿ ಮರದ ತುದಿಯ ಸೊಪ್ಪು ಎಳೆಯುವುದನ್ನು ನೋಡಿ, "ಇಂಥದ್ದು ಒಂದಿದ್ರೆ ಮರಗಸಿಗೆ ಏಣಿನೂ ಬೇಡ, ಆಳೂ ಬೇಡ ಕಣೇ" ಅಂದರು. ಮರಗಸಿ ಎಂದರೆ ತೋಟದ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಕಾಟಿಯ, ಅಂದರೆ ಕಾಡುಕೋಣದ, ಮುಂದೆ ನಿಂತು, ಪುಕ್ಕಟೆ ನಮ್ಮ ತೋಟಕ್ಕೆ ನುಗ್ಗುವ ಇದನ್ನು ನೋಡಲು ಇಲ್ಲಿ ಟಿಕೆಟ್ಟು ಬೇರೆ ಎಂದು ಗೊಣಗಿದರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಂಥ ಅಜ್ಜ, ಹುಲಿ ನೋಡಿ ಆಚೆ ಬರುವಷ್ಟರಲ್ಲಿ, "ನಾವು ಬಂದ ದಾರಿ ಯಾವ್ದು ಪುಟ್ಟಿ?" ಎಂದು ಕೇಳಿದರು. ತೋರಿಸಿದೆ. ನಾಲ್ಕು ಹೆಜ್ಜೆ ಹಾಕಿ ಮತ್ತೆ ಅದನ್ನೇ ಕೇಳಿದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಪ್ರತಿ ಸಲವೂ ಹೆಮ್ಮೆಯಿಂದ ಉತ್ತರ ಹೇಳಿದೆ.

ಅತ್ತೆಯ ಬೀದಿಯ ಕೊನೆಯಲ್ಲಿ ಒಂದು ಚಿಕ್ಕ ಪಾರ್ಕು. ಜಾರುಬಂಡೆ, ಜೋಕಾಲಿ, ಪಕ್ಕದಲ್ಲಿ ಪೇಟೆಯ ಮಕ್ಕಳಿಗೆ ತೋರಿಸಲೆಂದು ನೆಟ್ಟ ಏಲಕ್ಕಿ, ಮೆಣಸಿನ ಬಳ್ಳಿ, ಎರಡೇ ಎರಡು ಕಾಫಿ ಗಿಡ, ಪ್ರತಿಯೊಂದಕ್ಕೂ ಹೆಸರಿನ ಹಲಗೆ. ಸಂಜೆ ಅಜ್ಜಿ, ಅತ್ತೆ ಬೆಂಚಿನ ಮೇಲೆ ಕೂತರು. ನಾನು ಜೋಕಾಲಿಗೆ ಓಡಿದ್ದೆ, ತಿರುಗಿ ನೋಡಿದರೆ ಅಜ್ಜ ತಂತಿ ಬೇಲಿ ದಾಟಿ ಒಳಗಿದ್ದರು. ಒಂದು ಕಾಫಿ ಗಿಡದ ಎಲೆ ಹಳದಿಯಾಗಿತ್ತು. ಅವರು ಕಾಂಡದ ಮೇಲೆ ಅಂಗೈ ಆಡಿಸಿದರು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಅಲುಗಿಸಿ ಬೇರುಸಹಿತ ಕಿತ್ತೇಬಿಟ್ಟರು. ಕಾವಲಿನವನು ಓಡಿ ಬಂದ. "ಏನ್ ಯಜಮಾನ್ರೇ ಇದು, ಮಕ್ಳು ನೋಡ್ಲಿ ಅಂತ ಹಾಕಿರೋದು" ಅಂದ. "ಬೋರರ್ ಕಣಯ್ಯ. ಬಿಟ್ರೆ ಪಕ್ಕದ್ದಕ್ಕೂ ಹೋಗುತ್ತೆ. ಬೆಂಕಿಪೊಟ್ಟಣ ಇದ್ರೆ ಕೊಡು" ಎಂದರು ಅಜ್ಜ. ಆತ ಒಳ್ಳೆಯ ಮನುಷ್ಯ, ಬೈಯಲಿಲ್ಲ. ಅದೇನು ತೋರಿಸಿ ಎಂದು ಕುತೂಹಲದಿಂದಲೇ ಕೇಳಿದ. ಅಜ್ಜ ಬುಡದ ಮೇಲೊಂದು ಗೇಣು ಬಿಟ್ಟು ಕಾಂಡವನ್ನು ಮಂಡಿಗೆ ಕೊಟ್ಟು ಮುರಿದರು. ಒಳಗೆ ಬೆಳ್ಳಗಿನ ಹಸಿ ಮರ. ಇನ್ನೊಂದು ಕಡೆ ಮುರಿದರು, ಅಲ್ಲೂ ಅಷ್ಟೇ. ಮುರಿಮುರಿದು ತುಂಡುಗಳು ಬೆರಳಿನಷ್ಟಾದವು. ಅಜ್ಜನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಪರಿಚಯದವರ ಮನೆಯೆಂದು ಒಳಗೆ ಹೋಗಿ ನೋಡಿದರೆ ಯಾರೋ ಬೇರೆಯವರಿದ್ದಾರೆ, ಅಂಥ ಮುಖ. ಒಂದು ತುಂಡನ್ನು ನನ್ನತ್ತ ಚಾಚಿ, "ನಿನ್ ಕಣ್ಣು ಚುರುಕು. ತೂತು ಇದೆಯಾ ನೋಡು" ಅಂದರು. ತಿರುಗಿಸಿ ತಿರುಗಿಸಿ ನೋಡಿದೆ. "ಇಲ್ಲ ಅಜ್ಜ" ಅಂದೆ.

ಅವರು ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಉಳಿದಿದ್ದ ಬುಡವನ್ನು ಅದೇ ಗುಂಡಿಯಲ್ಲಿಟ್ಟು, ಬೇರು ಬಿಡಿಸಿ, ಮಣ್ಣೆಳೆದು ಅಂಗೈಯಲ್ಲಿ ಒತ್ತಿದರು. "ಬುಡ ಗಟ್ಟಿ ಇದೆ, ಚಿಗುರುತ್ತೆ. ದಿನಾ ನೀರ್ ಹಾಕ್ತೀಯಾ?" ಎಂದು ಕಾವಲಿನವನನ್ನು ಕೇಳಿದರು. ಅವನು ಹೂಂ ಎಂದು ಡಬ್ಬದಲ್ಲಿ ನೀರು ತಂದುಕೊಟ್ಟ. ಅಷ್ಟರಲ್ಲಿ ಅಜ್ಜಿ ಬಂದರು. ಮಣ್ಣಾದ ಕೈ ನೋಡಿದರು, ಮುರಿದ ತುಂಡುಗಳನ್ನು ನೋಡಿದರು. "ಪುಟ್ಟಿಗೆ ಗಿಡ ನೆಡೋದು ತೋರಿಸ್ತಿದ್ದೆ" ಎಂದರು ಅಜ್ಜ. "ಒಳ್ಳೇದಾಯ್ತು ಬಿಡಿ" ಎಂದ ಅಜ್ಜಿ ಅವರನ್ನು ನಲ್ಲಿಯ ಹತ್ತಿರ ಕರೆದೊಯ್ದು, ಮಗುವಿಗೆ ತೊಳೆಯುವ ಹಾಗೆ ಒಂದೊಂದೇ ಬೆರಳು ತಿಕ್ಕಿ ತೊಳೆದರು. ತೊಳೆಯುವಾಗ ಅಜ್ಜಿ ಅಳುತ್ತಿದ್ದರೋ, ನೀರು ಮುಖಕ್ಕೆ ಸಿಡಿದಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬುಡ ಚಿಗುರಿತೋ ಇಲ್ಲವೋ, ಅದೂ ಗೊತ್ತಿಲ್ಲ.

ನೋಡುವ ಜಾಗಗಳು ಇನ್ನೂ ಬೇಕಾದಷ್ಟಿದ್ದವು, ಬೃಂದಾವನದ ಬಣ್ಣದ ಕಾರಂಜಿ ಸಹ. ಅಜ್ಜ ಮಾರನೆಯ ದಿನವೇ ಊರಿಗೆ ಹೋಗೋಣ ಎಂದರು, ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ. ಮನೆ ಸೇರಿದ ಮರು ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅಪ್ಪನಿಗೆ, "ಈ ಸಲ ಬೋರರ್ ಕೆಲ್ಸ ನೀನೇ ನೋಡ್ಕೋ" ಅಂದರು. ಅಪ್ಪನಿಗೆ ಬೇಕಿದ್ದದ್ದು ಅದೇ. ಆದರೆ ಬೇಕಿದ್ದದ್ದು ಕೈಗೆ ಬಂದಾಗ ಅವರು ಗರ ಬಡಿದವರಂತೆ ನಿಂತರು. ಆಮೇಲೆ ತೋಟಕ್ಕೆ ಇಳಿದು, ಸ್ವಲ್ಪ ಹೊತ್ತಿಗೆ ಒಂದು ಗಿಡ ಕಿತ್ತು ತಂದರು. ಜಗಲಿಯ ಕಲ್ಲಿನ ಮೇಲಿಟ್ಟು ಕತ್ತಿಯಿಂದ ಉದ್ದಕ್ಕೆ ಸೀಳಿ, "ಅಪ್ಪಯ್ಯ, ಇದು ಹೌದಾ ನೋಡಿ" ಎಂದರು. ಕಾಂಡದ ನಡುವೆ ಕೊರೆದ ದಾರಿ, ಅದರೊಳಗೆ ಬಿಳಿ ಹುಳ ಮೆಲ್ಲಗೆ ಮಿಸುಕುತ್ತಿತ್ತು. ಅಜ್ಜ ಸೀಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳು ಹುಳದ ಪಕ್ಕದಲ್ಲೇ ಇತ್ತು.

"ಪುಟ್ಟಿಗೆ ತೋರ್ಸು" ಅಂದರು.

"ಹುಳ ಇದೆ ಅಜ್ಜ" ಅಂದೆ.

"ಇದೆಯಾ?" ಎಂದು ಕೇಳಿದರು. ಕೇಳುವಾಗ ನನ್ನ ಮುಖ ನೋಡಿದರೇ ಹೊರತು ಕಾಂಡವನ್ನು ನೋಡಲಿಲ್ಲ. ಅಪ್ಪ ಕತ್ತಿ ಅಲ್ಲೇ ಬಿಟ್ಟು ಅಂಗಳಕ್ಕೆ ಇಳಿದುಹೋದರು.

ಹುಳ ಹೆಬ್ಬೆರಳ ಪಕ್ಕದಲ್ಲೇ ಇದ್ದರೂ ಅಜ್ಜ ನನ್ನನ್ನು ಕೇಳಿದ್ದು ಅರಳುಮರಳೋ, ತನ್ನ ಕೈಯನ್ನು ಇನ್ನು ನಂಬಬಾರದೆಂದು ತಿಳಿದ ನಿಚ್ಚಳ ಬುದ್ಧಿಯೋ, ಯೋಚಿಸಿದಷ್ಟೂ ನನಗೆ ಬಗೆಹರಿಯುವುದಿಲ್ಲ. ಆಮೇಲೂ ಅವರು ಬದುಕಿರುವ ತನಕ ತೋಟಕ್ಕೆ ಹೋಗುತ್ತಿದ್ದರು. ಶಾಲೆ ಇಲ್ಲದ ದಿನ ನಾನು ಜೊತೆಗಿರುತ್ತಿದ್ದೆ. ತಾವೇ ನೆಟ್ಟ ಗಿಡಗಳ ನಡುವೆ, ಊರು ನೋಡಲು ಬಂದವರ ಹಾಗೆ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು.