ಸೊನ್ನೆ ಎಂದು ಬರೆದ ಹುಡುಗಿ

ಹೆದರಿದ ಮಕ್ಕಳಿಗೆ ಧೈರ್ಯ ಹೇಳುವುದೇ ನನ್ನ ಹೊಟ್ಟೆಪಾಡು. ವಿಜಯವಾಡದ ಒಂದು ವಸತಿ ಕಾಲೇಜಿನಲ್ಲಿ ನಾನು ಕೌನ್ಸೆಲರ್. ಗಂಡನ ನೌಕರಿ ವಿಶಾಖಪಟ್ಟಣದಲ್ಲಿ, ಮನೆ ಪೆಂಡುರ್ತಿಯಲ್ಲಿ. ಸೋಮವಾರ ರೈಲು ಹತ್ತಿ ಹೋಗಿ, ವಾರವಿಡೀ ಹಾಸ್ಟೆಲಿನ ಉಪ್ಪಿಟ್ಟು ತಿಂದು, ಶುಕ್ರವಾರ ಮರಳಿ ಬರುತ್ತೇನೆ.

ಮಕ್ಕಳ ಹೆದರಿಕೆಗಳು ಒಂದೆರಡಲ್ಲ. ಹಲ್ಲಿ, ಸೂಜಿ, ಲಿಫ್ಟು, ಬೋರ್ಡಿನ ಮುಂದೆ ನಿಲ್ಲುವುದು, ಅಪ್ಪನ ಫೋನು. ಕಾಲೇಜಿನವರ ಪಾಲಿಗೆ ಇವೆಲ್ಲವೂ ಒಂದೇ, ಮಾರ್ಕ್ಸ್ ಇಳಿಸುವ ಕಾಯಿಲೆ. ಅದನ್ನು ಬೇಗ ವಾಸಿಮಾಡಲಿ ಎಂದೇ ನನಗೆ ಸಂಬಳ ಕೊಡುತ್ತಾರೆ.

ನಮ್ಮ ಕೆಲಸದ ರೀತಿ ಸರಳ. ಮಗುವಿನ ಹೆದರಿಕೆಯನ್ನು ಮೆಟ್ಟಿಲುಗಳಾಗಿ ಒಡೆದು ನೋಟ್‌ಬುಕ್ಕಿನಲ್ಲಿ ಬರೆಸುತ್ತೇವೆ, ಕೆಳಗೆ ಸುಲಭದ್ದು, ಮೇಲೆ ಕಷ್ಟದ್ದು. ಒಂದೊಂದೇ ಮೆಟ್ಟಿಲಲ್ಲಿ ನಿಲ್ಲಿಸಿ, ಈಗ ಹೆದರಿಕೆ ಹತ್ತರಲ್ಲಿ ಎಷ್ಟು ಎಂದು ಕೇಳುತ್ತೇವೆ. ಹತ್ತೆಂದರೆ ಜೀವ ಹೋದಂತೆ, ಸೊನ್ನೆಯೆಂದರೆ ಏನೂ ಇಲ್ಲ. ಅಂಕಿ ಇಳಿಯುವವರೆಗೆ ಕಾದು ಮುಂದಿನ ಮೆಟ್ಟಿಲಿಗೆ ಹೋಗುತ್ತೇವೆ. ಇಷ್ಟರಲ್ಲಿ ಮಗು ಸಾಕು ಎಂದರೆ ಅಲ್ಲಿಗೆ ನಿಲ್ಲಿಸಬೇಕು. ಇದೊಂದು ಮಾತು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಆ ಹುಡುಗಿ ನಮ್ಮ ಬೀದಿಯವಳೇ. ಅಪ್ಪ ತೆಲುಗಿನವರು, ಅಚ್ಯುತಾಪುರಂನ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅಮ್ಮ ನನ್ನಂತೆಯೇ ಹಾವೇರಿ ಕಡೆಯವಳು. ಮಗಳನ್ನು ನಮ್ಮ ಕಾಲೇಜಿಗೆ ಸೇರಿಸುವ ಮುನ್ನ ಅಮ್ಮ ನಮ್ಮ ಮನೆಗೆ ಬಂದು ಕೂತಳು. "ಅಕ್ಕಾರ, ನೀವ ಅಲ್ಲೆ ಇರ್ತೀರಂತ ಧೈರ್ಯ ಮಾಡಿ ಕಳಸಾಕತ್ತೀವ್ರಿ. ಅಕಿ ಬಾಯಿಬಿಟ್ಟು ಏನೂ ಹೇಳಂಗಿಲ್ಲ. ನೀವ ನೋಡ್ಕೋಬೇಕ್ರಿ" ಎಂದಳು. ನೋಡಿಕೊಳ್ಳುತ್ತೇನೆ ಎಂದೆ.

ಹುಡುಗಿಗೆ ಮುಚ್ಚಿದ ಬಾಗಿಲೆಂದರೆ ಉಸಿರು ಕಟ್ಟುತ್ತಿತ್ತು. ನಮ್ಮ ಕಾಲೇಜಿನಲ್ಲೋ, ಮಕ್ಕಳು ಎದ್ದು ಓಡಾಡಬಾರದೆಂದು ಓದುವ ಹೊತ್ತಿನಲ್ಲಿ ಸ್ಟಡಿ ಹಾಲ್‌ನ ಶಟರ್ ಎಳೆಯುವುದು ಪದ್ಧತಿ. ಮೊದಲ ವಾರವೇ ಅವಳು ಎರಡು ಸಲ ಎಚ್ಚರ ತಪ್ಪಿ ಬಿದ್ದಳು. ಅವಳನ್ನು ನನ್ನ ಬಳಿ ಕಳಿಸಿದರು. ಶಟರ್ ಎಳೆಯಬೇಡಿ ಎಂದು ನಾನು ಯಾರಿಗೂ ಹೇಳಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಬಾಯಿ ಬರಲಿಲ್ಲ. ಶಟರಿಗೆ ತಕ್ಕಂತೆ ಹುಡುಗಿಯನ್ನೇ ತಿದ್ದಲು ಹೊರಟೆ.

ಮೂರನೇ ಮಹಡಿಯಲ್ಲಿ ಹಳೆಯ ಬೆಂಚುಗಳನ್ನು ಒಟ್ಟಿದ ಸ್ಟೋರ್ ರೂಮಿತ್ತು. ಅದಕ್ಕೂ ಶಟರ್, ಹಿಡಿ ಹೊರಗಡೆ ಮಾತ್ರ. ಊಟದ ಬಿಡುವಿನಲ್ಲಿ ಅಲ್ಲಿ ನಮ್ಮ ಅಭ್ಯಾಸ. ಅವಳು ಒಳಗೆ ಬೆಂಚಿನ ಮೇಲೆ, ನಾನು ಹೊರಗೆ ಶಟರಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು. "ನೀ ಸಾಕು ಅಂದ್ರ ಸಾಕು. ಆ ಕ್ಷಣಕ್ಕ ತಗೀತೀನಿ" ಎಂದಿದ್ದೆ.

"ಪ್ರಾಮಿಸಾ ಅಂಡಿ?" ಎಂದು ಕೇಳಿದಳು. ನಮ್ಮ 'ರೀ' ಇರಬೇಕಾದಲ್ಲೆಲ್ಲ ತೆಲುಗಿನ 'ಅಂಡಿ' ಹಾಕುವುದು ಅವಳ ಕನ್ನಡ.

"ಪ್ರಾಮಿಸ್" ಎಂದೆ.

ಶಟರ್ ಕಾಲುಭಾಗ ಇಳಿಯಿತು, ಅರ್ಧ ಇಳಿಯಿತು, ಮೊಣಕಾಲಿನ ಮಟ್ಟಕ್ಕೆ ಬಂತು. ಅವಳು ಎಂಟು ಎನ್ನುತ್ತಿದ್ದಳು, ಆರು ಎನ್ನುತ್ತಿದ್ದಳು. ಎಷ್ಟೋ ಸಲ ಸಾಕು ಎಂದಳು, ಪ್ರತಿ ಸಲವೂ ಎತ್ತಿದೆ. ಆ ಎತ್ತುವಿಕೆಯಿಂದಲೇ ಅವಳಿಗೆ ಧೈರ್ಯ ಬರುತ್ತಿತ್ತು. ಬಿಸಿಲಿಗೆ ಕಾದ ಆ ಮಹಡಿಯಲ್ಲಿ ಇಬ್ಬರೂ ಬೆವರಿಳಿಸಿಕೊಂಡು ನಗುತ್ತಿದ್ದೆವು. ನನ್ನ ಕೆಲಸದ ಬಗ್ಗೆ ನನಗೆ ಪ್ರೀತಿಯಿದ್ದ ಕೊನೆಯ ದಿನಗಳು ಅವು.

ಶಟರ್ ಪೂರ್ತಿ ನೆಲಕ್ಕೆ ತಾಗಿಸಿದ ದಿನ, ಐದು ನಿಮಿಷವೆಂದು ಮಾತಾಗಿತ್ತು. ಒಂದು ನಿಮಿಷ ಆಗಿರಬೇಕು, ಅಟೆಂಡರ್ ಓಡಿ ಬಂದ. ಕೆಳಗೆ ಹೊಸ ಅಡ್ಮಿಷನ್ನಿನ ತಂದೆತಾಯಂದಿರು ಬಂದಿದ್ದಾರೆ, ಡೀನ್ ಸಾರ್ ಈಗಲೇ ಬರಬೇಕಂತೆ ಎಂದ. ಮಧ್ಯದಲ್ಲಿ ಹೊರತೆಗೆದರೆ ಹೆದರಿಕೆ ಇನ್ನೂ ಬೆಳೆಯುತ್ತದೆ ಎಂಬುದು ನಮ್ಮ ಕಸುಬಿನ ಪಾಠ. ಆ ಪಾಠ ನನಗೆ ಆಗ ಚೆನ್ನಾಗಿ ನೆನಪಾಯಿತು. ಶಟರಿಗೆ ಬಾಯಿ ಹಚ್ಚಿ, "ಎರಡ ನಿಮಿಷ ಪುಟ್ಟಿ, ಬಂದೆ" ಎಂದು ಕೂಗಿ ಇಳಿದುಹೋದೆ.

ಡೀನ್ ಮೈಕು ಕೈಗಿಟ್ಟರು. ಮಕ್ಕಳ ಭಯವನ್ನು ಹೇಗೆ ಹೋಗಲಾಡಿಸುತ್ತೇವೆ, ಐದು ನಿಮಿಷ ಹೇಳಿ ಮೇಡಂ ಎಂದರು. ನನ್ನ ಹರಕು ತೆಲುಗಿಗೆ ಜನ ಮೊದಲು ನಕ್ಕರು, ಆಮೇಲೆ ತಲೆದೂಗಿದರು. ಮೆಟ್ಟಿಲಿನ ಚಿತ್ರ ಬರೆದು ತೋರಿಸಿದೆ. ಮಗುವಿಗೆ ಕೊಟ್ಟ ಮಾತು ಎಷ್ಟು ಮುಖ್ಯವೆಂದು ವಿವರಿಸಿದೆ. ಒಬ್ಬ ತಾಯಿ ಕಣ್ಣೊರೆಸಿಕೊಂಡಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ. ಗಡಿಯಾರ ನೋಡಿದಾಗ ನಲವತ್ತು ನಿಮಿಷ ಕಳೆದಿತ್ತು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಒಳಗಿನಿಂದ ಸದ್ದೇ ಇರಲಿಲ್ಲ. ಶಟರ್ ಎತ್ತಿದರೆ, ಹುಡುಗಿ ಬೆಂಚಿನ ಮೇಲೆ ಕೈಕಟ್ಟಿ ನೆಟ್ಟಗೆ ಕೂತಿದ್ದಳು. ಯೂನಿಫಾರ್ಮ್ ಬೆವರಿಗೆ ಮೈಗಂಟಿತ್ತು. ತುಟಿಯಲ್ಲಿ ಹಲ್ಲು ನಾಟಿದ ಗುರುತು. ಪಕ್ಕದಲ್ಲಿ ನೋಟ್‌ಬುಕ್, ಆ ದಿನದ ಸಾಲಿನಲ್ಲಿ ಒಂದು ದುಂಡನೆಯ ಸೊನ್ನೆ.

"ಸೊನ್ನೆ ಏನ?" ಎಂದೆ.

"ಸೊನ್ನೆ ಅಂಡಿ."

ತುಟಿ ನೋಡಿದೆ, ಸೊನ್ನೆಯನ್ನೂ ನೋಡಿದೆ. ನನಗೆ ಬೇಕಾದದ್ದನ್ನು ನಂಬಿದೆ. ಸಾಕು ಅಂದಿದ್ದೆಯಾ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೂಂ ಎಂದುಬಿಡುತ್ತಾಳೋ ಎಂಬ ಪುಕ್ಕಲುತನ. ಅಪ್ಪಿಕೊಂಡು ಶಹಬ್ಬಾಸ್ ಎಂದೆ. ಡೀನ್ ಸುದ್ದಿ ತಿಳಿದು ಅವಳನ್ನು ಆ ತಂದೆತಾಯಂದಿರ ಮುಂದೆ ನಿಲ್ಲಿಸಿದರು. ಚಪ್ಪಾಳೆ ಬಿತ್ತು. ಆಮೇಲೆ ಅವಳು ಎಲ್ಲ ಮೆಟ್ಟಿಲಿಗೂ ಸೊನ್ನೆಯನ್ನೇ ಬರೆದಳು. ಎರಡು ವಾರದಲ್ಲಿ 'ಭಯ ಪೂರ್ಣ ಹೋಗಿದೆ' ಎಂದು ಬರೆದು ಫೈಲು ಮುಚ್ಚಿದೆ. ಸಹಿ ನನ್ನದೇ.

ಕೆಲವು ತಿಂಗಳ ನಂತರ ರಜೆಯಲ್ಲಿ ಅವಳು ಊರಿಗೆ ಬಂದಿದ್ದಾಗ, ಅವಳ ಅಮ್ಮನ ಫೋನು ಬಂತು. ವಿಶಾಖಪಟ್ಟಣದ ಆಸ್ಪತ್ರೆಯಿಂದ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು, ಆಪರೇಷನ್ ಆಗಿದೆ, ಜೀವ ಉಳಿದಿದೆ.

ಓಡಿದೆ. ಅಮ್ಮ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ಮೂರ ದಿನ ನೋವ ನುಂಗಿ ಕುಂತಾಳ್ರಿ ಅಕ್ಕಾರ. ಮುಖ ಬಿಳಚಿತ್ತು ಅಂತ ನಾನ ಡಾಕ್ಟರ ಕಡೆ ಕರಕೊಂಡ ಹೋದೆ. ಹತ್ತರಾಗ ಎಷ್ಟು ನೋವಮ್ಮಾ ಅಂತ ಕೇಳಿದ್ರು. ಸೊನ್ನೆ ಅಂದ್ಳು. ಗ್ಯಾಸ್ ಇರಬೇಕು ಅಂತ ಗುಳಿಗಿ ಕೊಟ್ಟು ಕಳಸಿದ್ರು. ಮರುದಿನ ಹಿಂಗಾತು." ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಹೆಮ್ಮೆ. "ಎಷ್ಟ ಧೈರ್ಯ ಕಲಿಸೀರಿ ನೀವು! ಮೊದಲ ಹಿಂಗ ಇರಲಿಲ್ರಿ."

ಆ ಹೊಗಳಿಕೆಗೂ ತಲೆಯಾಡಿಸಿದೆ. ಅವಳು ಕಾಫಿ ತರಲು ಹೋದಳು.

ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು, ಮೂಗಿನಲ್ಲಿ ನಳಿಗೆ. ಕೋಣೆಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು ಪಕ್ಕದಲ್ಲಿ ಕೂತೆ. ಅವಳು ಕಣ್ಣು ತೆರೆದು ಬಾಗಿಲು ನೋಡಿ, "ಮುಚ್ಚಿ ಅಂಡಿ, ಪರವಾಗಿಲ್ಲ" ಎಂದಳು. ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ, ಕೇಳಿದ ಮೇಲೆ ಹಿಂತೆಗೆಯಲಾಗದು. ಆದರೂ ಅಷ್ಟು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅವತ್ತ ಸ್ಟೋರ್ ರೂಮಿನ್ಯಾಗ, ಸಾಕು ಅಂದಿದ್ದೇನು?"

"ಹೂಂ ಅಂಡಿ. ಭಾಳ ಸಲ ಅಂದೆ. ತೆಲುಗಿನ್ಯಾಗೂ ಅಂದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಒಪ್ಪಿಸುವ ದನಿ. "ಯಾರೂ ಬರಲಿಲ್ಲ. ಆಮೇಲೆ ಸೊನ್ನೆ ಬರದೆ. ಅವಾಗ ನೀವು ಬಂದ್ರಿ."