ಗಾಣಕ್ಕೆ ಬಂದ ಸ್ವಾತಂತ್ರ್ಯ

“ಏನ್ರೀ ಮೇಷ್ಟ್ರೇ, ಗಾಣಕ್ಕೂ ಸ್ವಾತಂತ್ರ್ಯ ಬಂತಾ?”

೧೯೫೭ರ ಬೇಸಿಗೆ. ಹುಚ್ಚೆಳ್ಳೆಣ್ಣೆ ತರಲು ತೊಗರ್ಸಿಯ ಗಾಣಕ್ಕೆ ಅಪ್ಪನ ಜೊತೆ ಹೋಗಿದ್ದೆ. ಕಾಯುತ್ತ ಕೂತ ಅಪ್ಪ “ಘಾನಾಕ್ಕೆ ಸ್ವಾತಂತ್ರ್ಯ” ಎಂದು ಪತ್ರಿಕೆ ಓದಿದ್ದು ಗಾಣದ ಸಿದ್ದಣ್ಣನಿಗೆ ಹಾಗೆ ಕೇಳಿಸಿತ್ತು. ಅಪ್ಪ ನಕ್ಕು, ಅದು ಆಫ್ರಿಕಾದ ಪಡುವಣ ಕಡಲಂಚಿನ ದೇಶ, ಚಿನ್ನ ಸಿಗುವ, ಕೋಕೋ ಬೆಳೆಯುವ ನಾಡು, ನಮ್ಮ ಹಾಗೇ ಇಂಗ್ಲಿಷರ ಕೈಕೆಳಗಿತ್ತು ಎಂದು ತಿಳಿಸಿಹೇಳಿದರು.

“ಹಂಗಾರೆ ಇವತ್ತು ಇವನಿಗೂ ಬಿಡುಗಡೆ ಆಗ್ಲಿ ಬಿಡ್ರೀ,” ಎಂದ ಸಿದ್ದಣ್ಣ ಎತ್ತಿನ ನೊಗ ಇಳಿಸಿ, ಕಣ್ಣಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದ. ಎತ್ತು ಹೊರಗೆ ಹೋಗಲಿಲ್ಲ. ಗಾಣಕ್ಕೆ ಮತ್ತೊಂದು ಸುತ್ತು ಬಂತು. ನಾನು ಬಿದ್ದುಬಿದ್ದು ನಕ್ಕೆ. ದೊಡ್ಡವರಿಬ್ಬರೂ ನಗಲಿಲ್ಲ.

ಘಾನಾ ಎಂದು ಎಲ್ಲಿ ಕೇಳಿದರೂ ಇಂದಿಗೂ ನನಗೆ ಹುಚ್ಚೆಳ್ಳೆಣ್ಣೆಯ ಘಮ ಬರುತ್ತದೆ. ಜೊತೆಗೆ, ಅಂದು ನಗದ ಆ ಎರಡು ಮುಖಗಳ ನೆನಪೂ.